ಆರೋಗ್ಯ ವಿಚಾರ: ಮೂರ್ಛೆರೋಗದ ಗುಳಿಗೆಯನ್ನು ನಿಲ್ಲಿಸುವ ಮುನ್ನ

ಮನೆಯಲ್ಲಿ ಒಬ್ಬರಿಗೆ ಅಪಸ್ಮಾರವಿದ್ದರೆ ಮನೆಯವರೆಲ್ಲರಿಗೂ ಎರಡು ಭಯಗಳಿರುತ್ತವೆ. ಒಂದು ರೋಗದ ಭಯ, ಇನ್ನೊಂದು ಔಷಧದ ಭಯ. ದಿನವೂ ಗುಳಿಗೆ ನುಂಗಿದರೆ ಬುದ್ಧಿ ಮಂಕಾದೀತೆಂಬ ಶಂಕೆಯಿಂದ, ಆರು ತಿಂಗಳು ಮೂರ್ಛೆ ಬಾರದಿದ್ದೊಡನೆ ಮದ್ದನ್ನು ನಿಲ್ಲಿಸಿಬಿಡುವವರುಂಟು. ಆದುದರಿಂದ ಈ ರೋಗಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಫಿನೋಬಾರ್ಬಿಟೋನ್ ಎಂಬ ಔಷಧದ ಗುಣದೋಷಗಳನ್ನು ಗೃಹಸ್ಥರು ಅರಿತಿರುವುದು ಅವಶ್ಯ.

ಬಾರ್ಬಿಟುರೇಟ್ ವರ್ಗಕ್ಕೆ ಸೇರಿದ ಈ ಮದ್ದು 1912ರಲ್ಲಿ ಜರ್ಮನಿಯಲ್ಲಿ ಲೂಮಿನಾಲ್ ಎಂಬ ಹೆಸರಿನಿಂದ ನಿದ್ರೆಯ ಔಷಧವಾಗಿ ಮಾರಾಟಕ್ಕೆ ಬಂದಿತು. ಇದನ್ನು ಸೇವಿಸಿದ ರೋಗಿಗಳಲ್ಲಿ ಮೂರ್ಛೆಗಳು ವಿರಳವಾಗುವುದನ್ನು ಆಲ್ಫ್ರೆಡ್ ಹಾಪ್ಟ್‌ಮನ್ ಎಂಬ ತರುಣ ವೈದ್ಯರು ಗಮನಿಸಿ ಅದೇ ವರ್ಷ ಪ್ರಕಟಿಸಿದರು. ಹೊಸ ಔಷಧಗಳು ಎಷ್ಟೋ ಬಂದಿದ್ದರೂ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಾವಶ್ಯಕ ಔಷಧಗಳ ಪಟ್ಟಿಯಲ್ಲಿ ಇದಕ್ಕೆ ಇಂದಿಗೂ ಸ್ಥಾನವಿದೆ, ಬೆಲೆಯೂ ಅಗ್ಗ. ನಮ್ಮ ಯಳಂದೂರಿನ ಹಳ್ಳಿಗಳಲ್ಲಿ ಡಾಕ್ಟರ್ ಕೆ. ಎಸ್. ಮಣಿಯವರೂ ಅವರ ಸಹೋದ್ಯೋಗಿಗಳೂ ಇದನ್ನೂ ಫೆನಿಟಾಯಿನ್ ಎಂಬ ಇನ್ನೊಂದು ಅಗ್ಗದ ಮದ್ದನ್ನೂ ಕೊಟ್ಟು ನಡೆಸಿದ ಚಿಕಿತ್ಸೆಯ ವಿವರ 2001ರಲ್ಲಿ ಪ್ರಕಟವಾಯಿತು. ಹಳ್ಳಿಯಲ್ಲಿಯೂ ಈ ರೋಗವನ್ನು ಹತೋಟಿಗೆ ತರಬಹುದೆಂಬುದನ್ನು ಅದು ತೋರಿಸಿತು.

ಮಿದುಳಿನ ನರಕೋಶಗಳು ಮಿತಿಮೀರಿ ಒಟ್ಟಿಗೆ ಕೆರಳಿದಾಗ ಮೂರ್ಛೆ ಬರುತ್ತದೆ. ಆ ಕೆರಳಿಕೆಯನ್ನು ತಡೆಯುವ ಸ್ವಾಭಾವಿಕ ಶಕ್ತಿ ಮಿದುಳಿನಲ್ಲಿಯೇ ಉಂಟು. ಈ ಮದ್ದು ಅದಕ್ಕೆ ಬಲ ಕೊಡುತ್ತದೆ. ದೊಡ್ಡವರ ದೇಹದಿಂದ ಇದರ ಅರ್ಧಾಂಶ ಹೊರಹೋಗಲು ಸುಮಾರು 3-4 ದಿನಗಳು ಬೇಕು. ಆದುದರಿಂದ ಸಾಮಾನ್ಯವಾಗಿ ರಾತ್ರಿ ಒಂದು ಸಲ ಸೇವಿಸಿದರೆ ಸಾಕು. ಪೂರ್ಣ ಫಲ ಕಾಣಲು 2-3 ವಾರ ಹಿಡಿಯುವುದರಿಂದ, ನಾಲ್ಕು ದಿನ ನೋಡಿ ಗುಣವಿಲ್ಲವೆಂದು ತೀರ್ಮಾನಿಸಬಾರದು.

ಇನ್ನು ಮುಖ್ಯವಾದ ಮಾತು. ಈ ಔಷಧವನ್ನು ಹಠಾತ್ತಾಗಿ ನಿಲ್ಲಿಸಕೂಡದು. ನಿಲ್ಲಿಸಿದರೆ ಮೂರ್ಛೆಯ ಮೇಲೆ ಮೂರ್ಛೆ ಬಂದು ಪ್ರಾಣಾಪಾಯವೇ ಒದಗಬಹುದು. ಮೂರ್ಛೆಯಿಲ್ಲದೆ ಕೆಲವು ವರ್ಷಗಳು ಕಳೆದ ಮೇಲೆ, ವೈದ್ಯರು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಇಳಿಸಿ ಬಿಡಿಸುವರು. ಗುಳಿಗೆ ಮುಗಿಯುವ ಒಂದು ವಾರ ಮೊದಲೇ ಮತ್ತಷ್ಟು ತಂದಿಡಬೇಕು. ಮದುವೆ, ಜಾತ್ರೆ, ಪ್ರಯಾಣಗಳ ಗಡಿಬಿಡಿಯಲ್ಲಿ ಮರೆಯಬಾರದು. ಮರೆತುದಕ್ಕೆ ಮರುದಿನ ಎರಡರಷ್ಟು ನುಂಗಲೂಬಾರದು.

ಮದ್ದಿನಲ್ಲಿ ದೋಷವಿಲ್ಲವೆಂದಲ್ಲ. ಮೊದಲಲ್ಲಿ ತೂಕಡಿಕೆ ಬರುವುದುಂಟು; ಆಗ ವಾಹನ ನಡೆಸಬಾರದು. ಮಕ್ಕಳಲ್ಲಿ ಚಡಪಡಿಕೆ, ಸಿಡುಕು, ಓದಿನಲ್ಲಿ ಹಿಂಜರಿತ ಕಂಡರೆ ವೈದ್ಯರಿಗೆ ತಿಳಿಸಬೇಕು. ಮೈಮೇಲೆ ಗಂಧೆಯೆದ್ದರೆ, ಅದರಲ್ಲಿಯೂ ಜ್ವರ ಅಥವಾ ಬಾಯಿಹುಣ್ಣು ಕೂಡಿದ್ದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಹುಕಾಲದ ಸೇವನೆಯಿಂದ ಮೂಳೆಗಳು ದುರ್ಬಲವಾಗಬಹುದು. ಮದ್ಯದೊಡನೆ ಅಥವಾ ಇತರ ನಿದ್ರೆಯ ಗುಳಿಗೆಗಳೊಡನೆ ಸೇರಿದರೆ ಉಸಿರೇ ಕುಂದೀತು. ಗರ್ಭನಿರೋಧಕ ಗುಳಿಗೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮುಂತಾದುವುಗಳ ಬಲವನ್ನು ಇದು ಕುಗ್ಗಿಸುತ್ತದೆ. ಗರ್ಭದ ಶಿಶುವಿಗೂ ಇದರಿಂದ ತೊಂದರೆಯಾಗಬಹುದು. ಆದುದರಿಂದ ಮಗುವನ್ನು ಬಯಸುವ ಹೆಣ್ಣುಮಕ್ಕಳು ಮೊದಲೇ ವೈದ್ಯರನ್ನು ಕಾಣಬೇಕೇ ಹೊರತು ತಾವಾಗಿ ಮದ್ದು ಬಿಡಬಾರದು. ಅತಿಯಾದ ಪ್ರಮಾಣ ಮಾರಕವಾದುದರಿಂದ ಗುಳಿಗೆಗಳನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಡುವುದು ಕ್ಷೇಮ.

ಮೂರ್ಛೆ ಬಂದಾಗ ಬಾಯಿಗೆ ಗುಳಿಗೆಯನ್ನಾಗಲಿ ನೀರನ್ನಾಗಲಿ ಹಾಕಬಾರದು. ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ. ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆಯಿಟ್ಟು, ಗಡಿಯಾರ ನೋಡುತ್ತಿರಬೇಕು. 5 ನಿಮಿಷ ಮೀರಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೊಂದು ಬಂದರೆ, ಕೂಡಲೆ ಆಸ್ಪತ್ರೆಗೆ ಒಯ್ಯಬೇಕು.

ಔಷಧವನ್ನು ಗೊತ್ತುಮಾಡುವುದು ವೈದ್ಯರ ಕೆಲಸ. ಅದು ಒಂದು ರಾತ್ರಿಯೂ ತಪ್ಪದಂತೆ ನೋಡಿಕೊಳ್ಳುವುದು ಮನೆಯವರ ಕೆಲಸ. ಎರಡೂ ಸೇರಿದರೆ ಈ ರೋಗವುಳ್ಳವರಲ್ಲಿ ಅನೇಕರು ಎಲ್ಲರಂತೆ ಓದಿ, ದುಡಿದು, ಸಂಸಾರ ನಡೆಸಬಲ್ಲರು.