ಬಿಲ್ಲಿನ ಕೆಳಗಿನ ಆ ಕೆಂಪು ಸಾಲು

ನ್ಯಾಮತಿಯ ನಮ್ಮ ಮನೆಗೆ ಹೋದ ವರ್ಷ ಹೊನ್ನಾಳಿಯಿಂದ ಮಿಕ್ಸಿ ತಂದೆ. ಮೂರನೇ ದಿನ ಚಟ್ನಿಗೆ ಕಾಯಿ ಹಾಕಿ ತಿರುಗಿಸಿದರೆ ಸುಟ್ಟ ವಾಸನೆ. ಜಾರಿನ ಬುಡ ಸೋರಿ ನೀರು ಮೋಟಾರಿಗೆ ಇಳಿದಿತ್ತು. ಮರುದಿನವೇ ಬಸ್ ಹತ್ತಿದೆ. "ಅಕ್ಕಾ, ಇಲ್ಲಿ ಓದಿ" ಎಂದು ಅಂಗಡಿಯವರು ಬಿಲ್ಲಿನ ಕೆಳಗೆ ಬೆರಳಿಟ್ಟರು. ಕೆಂಪಕ್ಷರದಲ್ಲಿ, ‘ಮಾರಿದ ಮಾಲು ವಾಪಸ್ ಇಲ್ಲ.’

ಕೆಟ್ಟ ಮಾಲಿನ ವಿಷಯದಲ್ಲಿ ಈ ಸಾಲಿಗೆ ಬೆಲೆಯಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ದೋಷವಿರುವ ಸಾಮಾನು ಹಿಂಪಡೆದು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ ಹಣ ಕೊಡಲು ಒಪ್ಪದಿದ್ದರೆ ಅದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅಷ್ಟೇ. ಸೀರೆಯ ಬಣ್ಣ ಮನಸ್ಸಿಗೆ ಹಿಡಿಸಲಿಲ್ಲ ಎಂದು ಮರಳಿಸುವ ಮಾತು ಬೇರೆ. ಅದು ಅಂಗಡಿಯವರ ಒಳ್ಳೆಯತನಕ್ಕೆ ಬಿಟ್ಟದ್ದು.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಹನ್ನೊಂದನೇ ದಿನ ದುಡ್ಡು ಬಂತು. ಬಾರದಿದ್ದರೆ ದಾವಣಗೆರೆಯ ಜಿಲ್ಲಾ ಗ್ರಾಹಕ ಆಯೋಗವಿತ್ತು. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ.

ಆದರೆ ಜಗಳೂರಿನ ಹಳ್ಳಿಯಿಂದ ಕೂಲಿ ಬಿಟ್ಟು ಬರುವ ತಾಯಿ ಆ ಕೆಂಪು ಸಾಲನ್ನೇ ಕಾನೂನೆಂದು ನಂಬಿ ವಾಪಸ್ ಹೋಗುತ್ತಾಳೆ. ಅಡಿಕೆ ದುಡ್ಡು ಕೈಗೆ ಬಂದಾಗ ಚನ್ನಗಿರಿಯಲ್ಲಿ ಪಂಪು, ಫ್ರಿಡ್ಜು ಕೊಳ್ಳುವವರೂ ಬಿಲ್ ಕೇಳಲು ಸಂಕೋಚಪಡುತ್ತಾರೆ. ಆ ಸಾಲು ಅಚ್ಚಾಗುವುದನ್ನು ವರ್ತಕರ ಸಂಘಗಳೇ ನಿಲ್ಲಿಸಲಿ. ಪ್ರತಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ 1915 ಎಂದು ದಪ್ಪಕ್ಷರದಲ್ಲಿ ಬರೆಸಲಿ.