ಕ್ಯಾಂಪ್ ಅನ್ನೋ ಪದಕ್ಕೆ ಎಕ್ಸ್‌ಪೈರಿ ಡೇಟ್ ಇಲ್ವಾ?

ಕಳೆದ ವರ್ಷ ರಾಜ್ಯೋತ್ಸವ ಕಾರ್ಯಕ್ರಮಕ್ಕೆ ನಿರೂಪಣೆ ಯಾರು ಮಾಡಬೇಕು ಅಂತ ನಮ್ಮ ಸಂಘದ ಮೀಟಿಂಗ್ ನಡೀತಿತ್ತು. ನಮ್ಮ ಬ್ಯಾಚಿನ ಒಬ್ಬ ಹುಡುಗನ ಹೆಸರು ಬಂತು. ಹತ್ತನೇ ಕ್ಲಾಸಿನವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡ ಮೀಡಿಯಂ ಓದಿದವನು. ಚೀಟಿ ನೋಡದೆ ಹತ್ತು ನಿಮಿಷ ಮಾತಾಡ್ತಾನೆ, ಒಂದು ಮಹಾಪ್ರಾಣ ತಪ್ಪಲ್ಲ. ಆಗ ಯಾರೋ ಒಬ್ಬರು, "ಅವನು ಬೆಂಗಾಲಿ ಅಲ್ವಾ? ರಾಜ್ಯೋತ್ಸವಕ್ಕೆ ಅಷ್ಟು ಚೆನ್ನಾಗಿರಲ್ಲ" ಅಂದ್ರು. ಯಾರೂ ಎದುರು ಮಾತಾಡಲಿಲ್ಲ. ಕೊನೆಗೆ ಮೈಕ್ ಸಿಕ್ಕಿದ್ದು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದ ನಮಗೆ. ನಮ್ಮ ಸ್ಕ್ರಿಪ್ಟ್‌ನಲ್ಲಿದ್ದ ತಪ್ಪುಗಳನ್ನ ತಿದ್ದಿಕೊಟ್ಟವನು ಅವನೇ.

ಅವನ ಊರು ಸಿಂಧನೂರಿನ ಆರ್‌ಎಚ್ ಕ್ಯಾಂಪ್. ನಮ್ಮದು ಅದೇ ತಾಲ್ಲೂಕಿನ ಸಾಲಗುಂದ. ಅವತ್ತು "ಅವನು ನಮ್ಮ ಕಡೆಯವನು" ಅಂತ ಹೇಳಬೇಕಾಗಿದ್ದವರು ನಾವು. ಹೇಳಲಿಲ್ಲ. ಯಾಕೆ ಅಂತ ಆಮೇಲೆ ಯೋಚನೆ ಮಾಡಿದಾಗ ನಾಚಿಕೆ ಆಯ್ತು. ಊರಲ್ಲೂ ನಾವು ಅವರನ್ನ ಕರೆಯೋದು "ಕ್ಯಾಂಪಿನವರು" ಅಂತಲೇ.

ನಮ್ಮ ಕಡೆ ಬಂದಿಲ್ಲದವರಿಗೆ ಸ್ವಲ್ಪ ವಿವರಿಸಬೇಕು. ಸಿಂಧನೂರು, ಕಾರಟಗಿ, ಗಂಗಾವತಿ ರೋಡಿನಲ್ಲಿ ಬಸ್ಸಲ್ಲಿ ಹೋದ್ರೆ ಎಷ್ಟೋ ಊರುಗಳ ಹೆಸರಿನ ಕೊನೆಗೆ "ಕ್ಯಾಂಪ್" ಅಂತ ಇರುತ್ತೆ. ಹೊಸಬರು ಮಿಲಿಟರಿ ಕ್ಯಾಂಪ್ ಅಂದುಕೊಳ್ತಾರೆ. ಅಲ್ಲ. ಅವು ಹೊರಗಿನಿಂದ ಬಂದು ನೆಲೆ ನಿಂತವರ ಊರುಗಳು.

ಮೊದಲು ಬಂದವರು ಆಂಧ್ರದ ರೈತರು. ಹೊಸಪೇಟೆ ಹತ್ರ ತುಂಗಭದ್ರಾ ಡ್ಯಾಂ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ಮುಗೀತು. ಎಡದಂಡೆ ಕಾಲುವೆ ನಮ್ಮ ಎರೆ ಭೂಮಿಗೆ ನೀರು ತಂತು. ಆದ್ರೆ ನಮ್ಮ ಅಜ್ಜಂದಿರಿಗೆ ಗೊತ್ತಿದ್ದದ್ದು ಜೋಳ, ಸಜ್ಜೆ, ಹತ್ತಿ. ಹೊಲ ಸಮ ಮಾಡಿ ನೀರು ನಿಲ್ಲಿಸೋಕೆ ರೊಕ್ಕವೂ ಇರಲಿಲ್ಲ, ಅಭ್ಯಾಸವೂ ಇರಲಿಲ್ಲ. ಕೃಷ್ಣಾ, ಗೋದಾವರಿ ಡೆಲ್ಟಾ ಕಡೆಯ ರೈತರಿಗೆ ಎರಡೂ ಇತ್ತು. ಬಂದ್ರು, ಜಮೀನು ಕೊಂಡ್ರು, ಹೊಲದ ಪಕ್ಕದಲ್ಲೇ ಗುಡಿಸಲು ಹಾಕಿದ್ರು. ಅವೇ ಕ್ಯಾಂಪುಗಳಾದವು. ಇವತ್ತು ನೀವು ಮೆಸ್‌ನಲ್ಲಿ ತಿನ್ನೋ ಸೋನಾ ಮಸೂರಿ ನಮ್ಮ ಕಡೆಯಿಂದ ಬಂದಿದ್ರೆ, ಅದರ ಹಿಂದೆ ಈ ಕಥೆ ಇದೆ.

ಆಮೇಲೆ 1970ರ ದಶಕದ ಶುರುವಿನ ಹೊತ್ತಿಗೆ ಪೂರ್ವ ಬಂಗಾಳದಿಂದ ಎಲ್ಲ ಕಳ್ಕೊಂಡು ಬಂದ ಕುಟುಂಬಗಳಿಗೆ ಸರ್ಕಾರ ಸಿಂಧನೂರು ಹತ್ರ ಜಮೀನು ಕೊಟ್ಟು ನೆಲೆ ಮಾಡಿಸಿತು. ಬರ್ಮಾದಿಂದ ವಾಪಸ್ ಬಂದ ಕುಟುಂಬಗಳಿಗೂ ಇಲ್ಲೇ ಜಾಗ ಸಿಕ್ತು. ಆರ್‌ಎಚ್ ಅಂದ್ರೆ ರಿಹ್ಯಾಬಿಲಿಟೇಶನ್, ಪುನರ್ವಸತಿ. ಬಂದವರು ಯಾರೂ ಸಿಂಧನೂರನ್ನ ಮ್ಯಾಪ್‌ನಲ್ಲಿ ಹುಡುಕಿ ಆರಿಸಿಕೊಂಡು ಬಂದಿರಲಿಲ್ಲ. ಈಗ ಅಲ್ಲಿ ದಸರಾ ಹೊತ್ತಿಗೆ ದುರ್ಗಾಪೂಜೆ ನಡೆಯುತ್ತೆ. ಮನೇಲಿ ಬಂಗಾಳಿ, ಶಾಲೇಲಿ ಕನ್ನಡ, ಸಂತೆಯಲ್ಲಿ ತೆಲುಗು, ಹಿಂದಿ ಎಲ್ಲಾ.

ಸಿಂಧನೂರು ಪೇಟೆ ಬೆಳೆದದ್ದೂ ಹೀಗೇ. ಟ್ರ್ಯಾಕ್ಟರ್ ಶೋರೂಂ ಒಬ್ಬರದು, ಗೊಬ್ಬರದ ಅಂಗಡಿ ಇನ್ನೊಬ್ಬರದು, ಬಟ್ಟೆ ಅಂಗಡಿ ಮಾರ್ವಾಡಿಗಳದು, ಗ್ಯಾರೇಜಿನಲ್ಲಿ ಉರ್ದು, ತಾಂಡಾದಿಂದ ಬಂದವರ ಬಾಯಲ್ಲಿ ಲಂಬಾಣಿ, ರೈಸ್ ಮಿಲ್ಲಿನಲ್ಲಿ ಬಿಹಾರದ ಹುಡುಗರು. ಇಡೀ ರಾಜ್ಯದ ಲೆಕ್ಕ ನೋಡಿದ್ರೂ ಅಷ್ಟೇ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಅಂತ ಬರೆಸಿದವರು ಕರ್ನಾಟಕದಲ್ಲಿ ಸುಮಾರು 66%. ಉಳಿದ ಮೂರನೇ ಒಂದು ಭಾಗದವರನ್ನ ಬಿಟ್ಟು ಯಾವ ರಾಜ್ಯೋತ್ಸವ ಮಾಡ್ತೀವಿ ನಾವು?

"ಅದೆಲ್ಲ ಸರಿ, ಆದ್ರೆ ನಮ್ಮ ಜಮೀನು ಹೋಯ್ತಲ್ಲ" ಅನ್ನೋ ಮಾತು ಊರಲ್ಲಿ ಇದೆ. ಅದನ್ನ ನಾವು ತಳ್ಳಿಹಾಕಲ್ಲ. ಕಾಲುವೆ ಬಂದ ಹೊಸದರಲ್ಲಿ ಕಡಿಮೆ ರೇಟಿಗೆ ಹೊಲ ಮಾರಿದವರ ಮನೆಗಳು ನಮ್ಮ ಓಣಿಯಲ್ಲೇ ಇವೆ. ತಮ್ಮದೇ ಹೊಲದಲ್ಲಿ ಕೂಲಿಗೆ ಹೋದವರೂ ಇದ್ದಾರೆ. ನಮ್ಮ ಅಜ್ಜ ಈಗಲೂ ಅಂತಾರೆ: "ನೀರು ಬಂತು ಅಂತ ಖುಷಿ ಆದ್ವಿ, ನೀರಿನ ಹಿಂದ ಯಾರು ಬರ್ತಾರ ಅಂತ ನೋಡ್ಲಿಲ್ಲ." ಈ ನೋವು ಸುಳ್ಳಲ್ಲ.

ಆದ್ರೆ ಎಂಜಿನಿಯರಿಂಗ್ ಓದೋರಾಗಿ ನಾವು ಸಮಸ್ಯೆ ಎಲ್ಲಿದೆ ಅಂತ ಸರಿಯಾಗಿ ಗುರುತಿಸಬೇಕು. ಈ ಕಾಲುವೆಯನ್ನ ಪ್ಲ್ಯಾನ್ ಮಾಡಿದ್ದು ನೀರನ್ನ ತೆಳ್ಳಗೆ ಹರಡಿ, ಜಾಸ್ತಿ ಹೊಲಗಳಿಗೆ ಬರದಿಂದ ರಕ್ಷಣೆ ಕೊಡೋಕೆ. ಹೆಚ್ಚಿನ ಭಾಗದಲ್ಲಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಅಂತ ಲೆಕ್ಕ. ನಡೆದದ್ದು ಬೇರೆ. ಮೇಲ್ಭಾಗದಲ್ಲಿ ನೆಲ್ಲು ಹಬ್ಬಿತು, ಕೊನೆ ಭಾಗದ ಮಾನ್ವಿ, ರಾಯಚೂರು ಕಡೆಯ ರೈತರು ಪ್ರತಿ ವರ್ಷ ನೀರಿಗಾಗಿ ರಸ್ತೆಗಿಳಿಯೋ ಪರಿಸ್ಥಿತಿ ಬಂತು. ಮೇಲ್ಭಾಗದಲ್ಲಿ ನೆಲ್ಲು ಹಚ್ಚೋರಲ್ಲಿ ಕ್ಯಾಂಪಿನವರೂ ಇದ್ದಾರೆ, ನಮ್ಮ ಮನೆಯವರೂ ಇದ್ದಾರೆ. ಸಾಲ ಯಾರಿಗೆ ಸಿಕ್ತು, ನೀರಿನ ರೂಲ್ಸ್ ಯಾರು ಮುರಿದ್ರು, ಯಾರು ನೋಡಿಯೂ ಸುಮ್ಮನಿದ್ರು ಅನ್ನೋದು ಜಗಳ ಆಡಬೇಕಾದ ವಿಷಯ. ಅದನ್ನ ಬಿಟ್ಟು ಮನೇಲಿ ಯಾವ ಭಾಷೆ ಮಾತಾಡ್ತೀರಿ ಅಂತ ಕೇಳಿದ್ರೆ ಕೊನೆ ಭಾಗದ ಹೊಲಕ್ಕೆ ಒಂದು ಬಕೆಟ್ ನೀರೂ ಹೋಗಲ್ಲ.

2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಕೊಂಡು ಹೋದಾಗ ನಾವಿನ್ನೂ ಊರಲ್ಲೇ ಇದ್ವಿ. ಆ ವಾರ ಇಡೀ ತಾಲ್ಲೂಕು ಮೊಬೈಲ್ ಹಿಡ್ಕೊಂಡೇ ಕೂತಿತ್ತು. ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸೋ ಕೆಲಸಕ್ಕೆ ಮುಂದೆ ನಿಂತವರು ಆಂಧ್ರ ಮೂಲದ ಗೇಟ್ ತಜ್ಞ ಕನ್ನಯ್ಯ ನಾಯ್ಡು. ಒಂದು ವಾರದಲ್ಲಿ ನೀರು ನಿಂತಾಗ ನಮ್ಮೂರಲ್ಲಿ ಯಾರೂ "ಅವರು ಹೊರಗಿನವರು" ಅನ್ನಲಿಲ್ಲ. "ನಾಯ್ಡು ಸಾಹೇಬ್ರು ಬೆಳೆ ಉಳಿಸಿದ್ರು" ಅಂದ್ರು. ಕೆಲಸ ಆಗಬೇಕಾದಾಗ ನಮ್ಮವರು, ಮೈಕ್ ಕೊಡಬೇಕಾದಾಗ ಹೊರಗಿನವರು. ಇದೇ ನಮ್ಮ ಲೆಕ್ಕಾನಾ?

ಇನ್ನೊಂದು ಮಾತು. ನಮ್ಮ ಕಡೆಯ ಎಷ್ಟೋ ಜನ ಈ ಕಾಲೇಜಿಗೆ ಬಂದದ್ದೇ 371ಜೆ ಸರ್ಟಿಫಿಕೇಟ್‌ನಿಂದ. ಆ ಸರ್ಟಿಫಿಕೇಟ್ ಕೇಳೋದು ಎಲ್ಲಿ ಹುಟ್ಟಿದ್ದು, ಎಷ್ಟು ವರ್ಷ ಇಲ್ಲಿ ಇದ್ದದ್ದು ಅಂತ. ಯಾವ ಭಾಷೆ, ಯಾವ ಮೂಲ ಅಂತ ಕೇಳಲ್ಲ. ಅವನ ಫೈಲಿನಲ್ಲೂ ಅದೇ ಸರ್ಟಿಫಿಕೇಟ್ ಇದೆ, ನಮ್ಮ ಫೈಲಿನಲ್ಲೂ ಇದೆ. ಕಾನೂನಿಗೆ ಅವನು ಕಲ್ಯಾಣ ಕರ್ನಾಟಕದವನು. ನಮಗೆ ಮಾತ್ರ ಇನ್ನೂ ಕ್ಯಾಂಪಿನವನು. ಅವನ ಕ್ಯಾಂಪುಗಳಲ್ಲೇ ಆಮೇಲೆ ಬಂದ ಕೆಲವರ ಕಥೆ ಇನ್ನೂ ಕಷ್ಟದ್ದು. ದಶಕಗಳಿಂದ ಇಲ್ಲೇ ದುಡಿದು ಬದುಕಿದ ಐದು ಜನರಿಗೆ ಪೌರತ್ವದ ಕಾಗದ ಸಿಕ್ಕಿದ್ದು 2024ರಲ್ಲಿ.

ನಮ್ಮನ್ನ ಯಾರಾದ್ರೂ ಹೊರಗಿನವರು ಅಂದಾಗ ಹೇಗಿರುತ್ತೆ ಅಂತ ನಮಗೆ ಗೊತ್ತಿಲ್ವಾ? ಈ ಹಾಸ್ಟೆಲ್‌ಗೆ ಬಂದ ಮೊದಲ ವಾರ ನಾವು ಭತ್ತಕ್ಕೆ "ನೆಲ್ಲು" ಅಂದಾಗ, "ಇದ್ಯಾವ ಕನ್ನಡ, ತಮಿಳಾ?" ಅಂತ ನಕ್ಕಿದ್ರು. ನೆಲ್ ಹಳಗನ್ನಡದ ಪದ ಅಂತ ಆಗ ನಮಗೂ ಗೊತ್ತಿರಲಿಲ್ಲ, ತಲೆ ತಗ್ಗಿಸಿ ಸುಮ್ಮನಾದ್ವಿ. ಮಸ್ಕಿ, ಲಿಂಗಸುಗೂರು ಕಡೆಯ ಮಳೆ ನಂಬಿದ ಊರುಗಳಿಂದ ನಮ್ಮ ಜನ ಬೇಸಿಗೆ ಬಂದ್ರೆ ಬೆಂಗಳೂರಿಗೆ ಗುಳೆ ಹೋಗ್ತಾರೆ. ಕಟ್ಟೋ ಬಿಲ್ಡಿಂಗ್ ಪಕ್ಕ ತಗಡಿನ ಶೆಡ್ಡಿನಲ್ಲಿ ಇರ್ತಾರೆ. ಅಲ್ಲಿ ಅವರೂ "ಶೆಡ್ಡಿನವರು". ಕನ್ನಡದವರೇ ಆದ್ರೂ.

ಅದೇ ಮಸ್ಕಿಯ ಗುಡ್ಡದಲ್ಲಿ 1915ರಲ್ಲಿ ಬೀಡನ್ ಅನ್ನೋ ಗಣಿ ಎಂಜಿನಿಯರ್ ಒಂದು ಶಾಸನ ಕಂಡರು. ಅಶೋಕನ ಹೆಸರು ನೇರವಾಗಿ ಸಿಕ್ಕಿದ ಮೊದಲ ಶಾಸನ ಅದು. ಶಾಲೆಯಿಂದ ಟ್ರಿಪ್ ಹೋಗಿ ಅದರ ಮುಂದೆ ಫೋಟೋ ತೆಗೆಸಿಕೊಂಡಿದ್ದೀವಿ, ನಮ್ಮ ಮಸ್ಕಿ ಅಂತ ಎದೆ ಉಬ್ಬಿಸಿದ್ದೀವಿ. ಅದರ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕಲ್ಲಿನ ಮೇಲಿದ್ದ ಹೊರಗಿನ ಭಾಷೆ ನಮ್ಮ ಹೆಮ್ಮೆ ಆಗಬಹುದಾದ್ರೆ, ಪಕ್ಕದ ಬೆಂಚಿನ ಹುಡುಗ ಯಾಕೆ ಆಗಬಾರದು?

ನಮ್ಮ ಸಂಘಕ್ಕೆ ನಮ್ಮ ಬೇಡಿಕೆ ಎರಡೇ. ಒಂದು, ಕಾರ್ಯಕ್ರಮಕ್ಕೆ ಹೆಸರು ಆರಿಸುವಾಗ ಕನ್ನಡ ಎಷ್ಟು ಚೆನ್ನಾಗಿ ಬರುತ್ತೆ ಅನ್ನೋದನ್ನ ನೋಡಿ, ಮನೆ ಭಾಷೆ ಕೇಳಬೇಡಿ. ಎರಡು, ಈ ಪತ್ರಿಕೆಯಲ್ಲಿ ಕ್ಯಾಂಪುಗಳ ಹಿರಿಯರ ನೆನಪುಗಳನ್ನ ಬರೆಸೋಣ. ಬಂದ ದಿನ ನೆನಪಿರೋರು ಈಗ ಕೆಲವೇ ಜನ. ಅವರ ಮೊಮ್ಮಕ್ಕಳು ನಮ್ಮ ಜೊತೆ ಓದ್ತಿದ್ದಾರೆ, ಕನ್ನಡದಲ್ಲೇ ಬರೀತಾರೆ.

ಇದನ್ನ ಕಳಿಸೋ ಮುಂಚೆ ಅವನಿಗೆ ಓದಿಸಿದ್ವಿ. "ನನ್ನ ಹೆಸರು ಹಾಕಬ್ಯಾಡ್ರಲೇ" ಅಂದ. ಆಮೇಲೆ ಪೆನ್ ತಗೊಂಡು ಮೂರು ಕಡೆ ಕಾಗುಣಿತ ತಿದ್ದಿದ. ಈ ನವೆಂಬರ್‌ನಲ್ಲಿ ನಿರೂಪಣೆಗೆ ನಾವು ನಮ್ಮ ಹೆಸರು ಕೊಡ್ತಿಲ್ಲ, ಅವನ ಹೆಸರು ಹೇಳ್ತೀವಿ. ಅವನು ಒಪ್ತಾನೋ ಇಲ್ವೋ, ಅದು ಅವನಿಗೆ ಬಿಟ್ಟದ್ದು. ಈ ಸಲ ಮೀಟಿಂಗ್‌ನಲ್ಲಿ ನಾವಂತೂ ಸುಮ್ಮನೆ ಕೂರಲ್ಲ.