ಬಾಣದ ಗುರುತಿಗೆ ಸಿಗದ ಪ್ರಶ್ನೆ

ಅಭ್ಯಾಸ ಬೋಧನೆಯ ಎರಡನೇ ವಾರ ದ್ವಿತೀಯ ಪಿಯುಸಿಗೆ ಅಮೀನುಗಳ ಪಾಠ ಮಾಡುತ್ತಿದ್ದೆ. ಅನಿಲೀನ್‌ಗೆ ಅಸಿಟಿಕ್ ಅನ್‌ಹೈಡ್ರೈಡ್ ಸೇರಿಸಿದರೆ ಅಸಿಟನಿಲೈಡ್ ಎಂದು ಬಾಣ ಎಳೆದು ಮುಂದಕ್ಕೆ ಹೊರಟೆ. ಮೂರನೇ ಬೆಂಚಿನ ಹುಡುಗಿ ಎದ್ದು, "ಮಿಸ್, ಒಂದೇ ಅಣುವಿನಲ್ಲಿ ಅಮೀನೂ ಇದ್ದು ಆಲ್ಕೋಹಾಲೂ ಇದ್ರೆ ಅದು ಯಾವ ಕಡೆ ಸೇರುತ್ತೆ?" ಎಂದಳು. ಆಲ್ಕೋಹಾಲ್ ಪಾಠದಲ್ಲಿ ಇದೇ ಅನ್‌ಹೈಡ್ರೈಡ್‌ನಿಂದ ಎಸ್ಟರ್ ಆಗುವುದನ್ನು ಅವಳು ಓದಿದ್ದಳು. ಹಿಂದಿನ ಸಾಲಿನಲ್ಲಿ ವೀಕ್ಷಕರು ಬರೆದುಕೊಳ್ಳುತ್ತಿದ್ದರು, ಗಂಟೆ ಹೊಡೆಯಲು ಹತ್ತು ನಿಮಿಷವಿತ್ತು. "ಎರಡೂ ಕಡೆ" ಎಂದುಬಿಟ್ಟೆ. ಆ ದಿನದ ಷರಾ: ಸಮಯಪಾಲನೆ ಉತ್ತಮ, ಉದ್ದೇಶ ಈಡೇರಿದೆ.

ನಾನು ಹೇಳಿದ್ದು ಅರ್ಧ ತಪ್ಪು. ಎಥನಾಲಮೀನ್‌ನಂಥ ಅಮಿನೋ ಆಲ್ಕೋಹಾಲ್‌ಗೆ ಒಂದು ಮೋಲ್‌ಗೆ ಒಂದೇ ಮೋಲ್ ಅನ್‌ಹೈಡ್ರೈಡ್ ಕೊಟ್ಟರೆ ಅದು ಮುಖ್ಯವಾಗಿ ಸಾರಜನಕಕ್ಕೇ ಅಂಟಿ ಅಮೈಡ್ ಆಗುತ್ತದೆ. ಸಾರಜನಕದಲ್ಲೂ ಆಮ್ಲಜನಕದಲ್ಲೂ ಒಂಟಿ ಎಲೆಕ್ಟ್ರಾನ್ ಜೋಡಿಗಳಿವೆ, ಆದರೆ ಆಮ್ಲಜನಕ ತನ್ನದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಸಾರಜನಕ ಬೇಗ ಕೊಡುತ್ತದೆ. ಅನ್‌ಹೈಡ್ರೈಡ್ ಹೆಚ್ಚಿದ್ದರೆ ಮಾತ್ರ ಆಲ್ಕೋಹಾಲಿನ ಸರದಿ. ಬಿಎಸ್ಸಿಯಲ್ಲಿ ಇದನ್ನು ಓದಿ ಅಂಕವನ್ನೂ ತೆಗೆದುಕೊಂಡಿದ್ದೆ! ತರಗತಿಯಲ್ಲಿ ನಿಂತಾಗ ನೆನಪಾಗಲಿಲ್ಲ.

ಮರುದಿನ ತಪ್ಪನ್ನು ಒಪ್ಪಿಕೊಂಡೆ. ಬಾಯಿಮಾತು ಸಾಲದೆಂದು ಪ್ಯಾರಸಿಟಮಾಲ್ ಮತ್ತು ಆಸ್ಪಿರಿನ್ ಮಾತ್ರೆ ತೆಗೆದುಕೊಂಡು ಹೋದೆ. ಪ್ಯಾರಸಿಟಮಾಲ್ ಮಾಡುವುದು ಪ್ಯಾರಾ-ಅಮಿನೋಫೀನಾಲ್‌ನಿಂದ. ಅಲ್ಲೂ ಒಂದು ತುದಿಯಲ್ಲಿ ಅಮೀನು, ಇನ್ನೊಂದರಲ್ಲಿ ಒಎಚ್, ಅದೇ ಅನ್‌ಹೈಡ್ರೈಡ್. ಒಎಚ್ ಬೆಂಜೀನ್ ಉಂಗುರಕ್ಕೆ ಅಂಟಿರುವುದರಿಂದ ಅದು ಆಲ್ಕೋಹಾಲ್ ಅಲ್ಲ, ಫೀನಾಲ್. ನಮಗೆ ಅನುಕೂಲವಾದದ್ದೂ ಅದೇ, ಏಕೆಂದರೆ ಫೀನಾಲ್ ಇದ್ದರೆ ಫೆರಿಕ್ ಕ್ಲೋರೈಡ್ ಬಣ್ಣದಲ್ಲಿ ತೋರಿಸಿಕೊಡುತ್ತದೆ. ಮಾತ್ರೆಗಳನ್ನು ಬೇರೆಬೇರೆಯಾಗಿ ಪುಡಿಮಾಡಿ, ನೀರಿನಲ್ಲಿ ಕದಡಿ, ಸೋಸಿ, ಎರಡೆರಡು ಹನಿ ಹಾಕಿದೆವು. ಪ್ಯಾರಸಿಟಮಾಲ್ ಪ್ರನಾಳ ನೀಲಿ ನೇರಳೆಯಾಯಿತು: ಒಎಚ್ ಹಾಗೇ ಉಳಿದಿದೆ, ಅಸಿಟೈಲ್ ಹೋಗಿ ಕೂತದ್ದು ಸಾರಜನಕದ ಮೇಲೆ. ಆಸ್ಪಿರಿನ್‌ನಲ್ಲಿ ಒಎಚ್ ಮೇಲೆಯೇ ಅಸಿಟೈಲ್ ಕೂತಿರುವುದರಿಂದ ಬಣ್ಣ ಬರಲಿಲ್ಲ. (ಹಳೆಯ ಮಾತ್ರೆ ಒಯ್ಯಬೇಡಿ. ತೇವಕ್ಕೆ ಒಡೆದು ಸ್ಯಾಲಿಸಿಲಿಕ್ ಆಮ್ಲವಾಗಿದ್ದರೆ ಅದೂ ನೇರಳೆ ತೋರಿಸಿ ನಿಮ್ಮನ್ನು ಪೇಚಿಗೆ ಸಿಕ್ಕಿಸುತ್ತದೆ.)

ಆ ದಿನದ ಷರಾ: ಯೋಜಿತ ಪಾಠಾಂಶ ಮುಗಿದಿಲ್ಲ.

ಷರಾ ಸುಳ್ಳೇನಲ್ಲ, ಮುಗಿದಿರಲಿಲ್ಲ. ಆದರೆ ತಪ್ಪು ಹೇಳಿದ ದಿನ ಅಂಕ ಬಂದು, ತಿದ್ದಿಕೊಂಡ ದಿನ ಹೋಗುವುದಾದರೆ ನಾವು ಪ್ರಶಿಕ್ಷಣಾರ್ಥಿಗಳು ಕಲಿಯುವುದು ಬೇಗ ಬಾಣ ಎಳೆಯುವುದನ್ನಷ್ಟೇ. ಪಾಠಯೋಜನೆಯಲ್ಲಿ ಶಿಕ್ಷಕರ ಚಟುವಟಿಕೆಗೆ ಕಾಲಂ ಇದೆ, ವಿದ್ಯಾರ್ಥಿಗಳ ನಿರೀಕ್ಷಿತ ಉತ್ತರಕ್ಕೂ ಇದೆ. ವಿದ್ಯಾರ್ಥಿಗಳು ಕೇಳಬಹುದಾದ ಪ್ರಶ್ನೆಗೆ ಇಲ್ಲ. ಸಂಶ್ಲೇಷಣೆಯ ಪಾಠಕ್ಕಾದರೂ ಆ ಕಾಲಂ ಬೇಕು, ಪಕ್ಕದಲ್ಲಿ 'ಉತ್ಪನ್ನ ಇದೇ ಎಂದು ಹೇಗೆ ಗೊತ್ತು' ಎಂಬುದಕ್ಕೂ ಜಾಗ ಬೇಕು. ಹಿಂದಿನ ದಿನದ ತಪ್ಪು ತಿದ್ದಲು ಹಿಡಿದ ಸಮಯವನ್ನು ವೀಕ್ಷಕರು ಪಾಠದ ಭಾಗವೆಂದೇ ಎಣಿಸಲಿ ಎಂಬುದು ನನ್ನ ಕೋರಿಕೆ.

ಪ್ರನಾಳ ತೊಳೆಯುವಾಗ ಅದೇ ಹುಡುಗಿ ಬಂದು, "ಅನ್‌ಹೈಡ್ರೈಡ್ ಜಾಸ್ತಿ ಹಾಕಿ ಮಾಡಿದ್ರೆ ಈ ನೇರಳೆ ಬರಲ್ಲ ಅಲ್ವಾ ಮಿಸ್?" ಎಂದು ಕೇಳಿದಳು. ಈ ಸಲ ನಾನು ಗಡಿಯಾರ ನೋಡಲಿಲ್ಲ.